ಲಿಫ್ಟಣ್ಣನೂ ಕಾರಿನ ಮೇಲಿನ ಟೆಂಟೂ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಲಿಫ್ಟಣ್ಣ ಗ್ಯಾರೇಜಿಗೆ ಹೋದ. ಬೀದಿ ಕಡೆಯ ಶಟರನ್ನು ಕೆಳಗೆಳೆದ. ಅಡುಗೆಮನೆ ಕಡೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಕಾರಿನ ನೆತ್ತಿಯ ಮೇಲೆ ಕೂತಿದ್ದ ಟೆಂಟನ್ನು ದಿಟ್ಟಿಸಿ, "ಇವತ್ತು ನೀನಿರಬೇಕು, ಇಲ್ಲ ನಾನಿರಬೇಕು" ಎಂದ.

ಟೆಂಟು ಏನೂ ಹೇಳಲಿಲ್ಲ. ಎಷ್ಟೋ ತಿಂಗಳಿಂದ ಅದು ಹಾಗೇ ಕೂತಿತ್ತು, ಊಟವಾದ ಮೇಲೂ ಏಳುವ ಲಕ್ಷಣ ತೋರಿಸದ ನೆಂಟರ ಹಾಗೆ.

ಮಡಚಿಟ್ಟಾಗ ಅದೊಂದು ಅಗಲವಾದ ಕಪ್ಪು ಪೆಟ್ಟಿಗೆ. ಬೀಗ ತೆಗೆದರೆ ಮುಚ್ಚಳ ತಾನಾಗಿ ಮೇಲೇಳುತ್ತಿತ್ತು, ಬಟ್ಟೆಯ ಗೋಡೆಗಳು ಬಿಚ್ಚಿಕೊಳ್ಳುತ್ತಿದ್ದವು, ಕಾರಿನ ಮೇಲೆ ಇಬ್ಬರು ಮಲಗುವ ಪುಟ್ಟ ಕೋಣೆಯೊಂದು ಸಿದ್ಧವಾಗುತ್ತಿತ್ತು. ಹತ್ತಲು ಪಕ್ಕದಲ್ಲೊಂದು ಏಣಿ. ಮೊದಲೆಲ್ಲ ಪ್ರವಾಸ ಮುಗಿಸಿ ಬಂದ ದಿನವೇ ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು, "ಹುಷಾರು, ನಿನ್ನ ಕಡೆ ತಗ್ಗು" "ನಿಮ್ಮ ಕಡೆಯೇ ತಗ್ಗು" ಎಂದು ಜಗಳವಾಡುತ್ತ ಇಳಿಸಿ, ಗ್ಯಾರೇಜಿನ ಗೋಡೆಗೆ ಒರಗಿಸುತ್ತಿದ್ದರು. ಈಗ ಹೆಂಡತಿಯ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಲಿಫ್ಟಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಎತ್ತರದ ಕಟ್ಟಡಗಳಲ್ಲಿ ವಾಸವಿದ್ದವರು ಇಟ್ಟದ್ದು. ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದಾಗ ಅವನ ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ. ಈಗ ಅದು ನರೆತಿತ್ತು. ಊರಿನ ಜನ ಮನೆಗಳನ್ನು ಬಾಗಿಲಿನಿಂದ ನೋಡಿದರೆ ಅವನು ಹಿಂದಿನಿಂದ ನೋಡಿದ್ದ. ಗೋಡೆಗಳ ಹಿಂದೆ, ಕೆಳಗಿನ ಗುಂಡಿಯಿಂದ ತಾರಸಿಯ ಮೋಟಾರಿನವರೆಗೆ ನೆಟ್ಟಗೆ ನಿಂತ ಕತ್ತಲೆಯ ಬಾವಿಗಳೇ ಅವನ ಕಚೇರಿ. ಅಲ್ಲಿ ಗ್ರೀಸಿನ ವಾಸನೆ, ಯಾರದೋ ಮನೆಯ ರೇಡಿಯೋ, ಇನ್ಯಾರದೋ ಮನೆಯ ಒಗ್ಗರಣೆಯ ಸದ್ದು ಎಲ್ಲ ಬೆರೆತು ಮೇಲಕ್ಕೆ ಏರುತ್ತಿದ್ದವು.

ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಅವನಿಗೆ ಮುಖದಿಂದಲ್ಲ, ದನಿಯಿಂದ ಪರಿಚಯ. ಕೆಲವರು ಬಾಗಿಲು ಗುದ್ದುತ್ತಿದ್ದರು, ಕೆಲವರು ಅಳುತ್ತಿದ್ದರು, ಕೆಲವರು "ನಾನು ಯಾರು ಗೊತ್ತಾ?" ಅನ್ನುತ್ತಿದ್ದರು. ಎಲ್ಲರಿಗೂ ಅವನದು ಒಂದೇ ಮಾತು: "ಏನೂ ಮುಟ್ಟಬೇಡಿ. ಗಾಬರಿ ಆಗಬೇಡಿ. ಬರ್ತಾ ಇದ್ದೀನಿ." ಹೊರಗೆ ಎಳೆದುಕೊಳ್ಳುವಾಗ ಇನ್ನೊಂದು ಮಾತು: "ತಲೆ ಬಗ್ಗಿಸಿ ಬನ್ನಿ." ಇಷ್ಟು ತಾಳ್ಮೆಯ ಮನುಷ್ಯನಿಗೆ ಒಂದೇ ಒಂದು ಸಂಗತಿ ಕಂಡರೆ ಮೈ ಉರಿಯುತ್ತಿತ್ತು. ಕೆಲಸವಿಲ್ಲದೆ ಗುಂಡಿ ಒತ್ತಿ, ಸುಮ್ಮನೆ ಮೇಲೆ ಹೋಗಿ ಸುಮ್ಮನೆ ಕೆಳಗೆ ಬರುವ ಮಕ್ಕಳು. "ಇದೇನು ಉಯ್ಯಾಲೆನಾ? ಹಗ್ಗ ಸವೆಯುತ್ತೆ, ಇಳೀರೋ!" ಎಂದು ಅವನು ಕೂಗಿದ್ದು ಈ ಊರಿನ ಎಲ್ಲ ಕಟ್ಟಡಗಳ ಮೆಟ್ಟಿಲುಗಳಲ್ಲೂ ಪ್ರತಿಧ್ವನಿಸಿದೆ.

ಅವನ ಹೆಂಡತಿ ಪರದೆ ಹೊಲಿಯುವವಳು. ಮನೆಮನೆಗೆ ಹೋಗಿ ಕಿಟಕಿ ಅಳೆದು, ಬಟ್ಟೆ ಕತ್ತರಿಸಿ, ಹೊಲಿದು, ತಾನೇ ಸ್ಟೂಲು ಹತ್ತಿ ನೇತುಹಾಕಿ ಬರುತ್ತಿದ್ದಳು. ಹೀಗೆ ಯಾರದೋ ಮನೆಯಲ್ಲಿ ಸ್ಟೂಲಿನ ಕಾಲು ಜಾರಿತು, ಅವಳ ಬಲಭುಜ ಕಳಚಿತು. ಆಪರೇಷನ್ ಆಯಿತು. ಹೊಲಿಗೆಗೆ ಕೈ ಸಾಕಿತ್ತು, ಮೇಲಕ್ಕೆತ್ತುವುದಕ್ಕೆ ಸಾಲದು. "ಭಾರ ಎತ್ತಬಾರದು" ಎಂದರು ಡಾಕ್ಟರು. "ಎಷ್ಟು ದಿನ?" ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು.

ಗಂಡನ ಫೋನು ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುವ ಮನೆ ಅದು. ಹಬ್ಬವಿರಲಿ, ಹುಷಾರಿಲ್ಲದಿರಲಿ, ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡೇ ಇರುತ್ತಿದ್ದರು. ಹಾಗಾಗಿಯೇ ಅವರು ಟೆಂಟು ಕೊಂಡದ್ದು. ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಫೋನು ಹಿಡಿಯದ ಗುಡ್ಡದ ಬದಿಗೋ ಕೆರೆಯ ದಂಡೆಗೋ ಹೋಗಿ ಕಾರು ನಿಲ್ಲಿಸುತ್ತಿದ್ದರು. ದಿನವಿಡೀ ಗುಂಡಿಗಳಲ್ಲಿ ನಿಂತು ಕೆಲಸ ಮಾಡುವವನಿಗೆ ಎತ್ತರದಲ್ಲಿ ಮಲಗುವ ಸುಖ. ದಿನವಿಡೀ ಬೇರೆಯವರ ಕಿಟಕಿಗಳನ್ನು ಮುಚ್ಚುವವಳಿಗೆ ಪರದೆಯೇ ಇಲ್ಲದ ಕಿಟಕಿಯ ಸುಖ. ಗಾಳಿ ಬಂದರೆ ಟೆಂಟಿನ ಗೋಡೆ ಉಸಿರಾಡುವ ಹಾಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅಲ್ಲಿ ಅವರು ಜಗಳ ಕೂಡ ಮೆಲ್ಲಗೆ ಆಡುತ್ತಿದ್ದರು.

ಈಗ ಅದಕ್ಕೆ ಅಡ್ಡ ಬಂದವನು ಹೆಂಡತಿಯ ತಮ್ಮ. ಅವನು ವ್ಯಾಯಾಮಶಾಲೆ ನಡೆಸುತ್ತಿದ್ದ. ಒಳ್ಳೆಯ ಹುಡುಗನೇ. ಆದರೆ ಭಾರವಾದದ್ದು ಏನು ಕಂಡರೂ ಎತ್ತಿ ನೋಡುವ ಚಟ. ಅಕ್ಕನ ಕೈ ಹೀಗಾದ ಮೇಲೆ, "ಯಾಕೆ ಭಾವ ಚಿಂತೆ? ನಾನಿಲ್ವಾ?" ಎಂದು ಬಂದು ಟೆಂಟನ್ನು ಕಾರಿನ ಮೇಲೆ ಕೂರಿಸಿಕೊಟ್ಟ. ಕೂರಿಸಿದವನು ಹಣೆ ಒರೆಸಿಕೊಳ್ಳುತ್ತ, "ಎಲ್ಲಿಗೆ ಹೊರಟ್ರಿ? ನಾನೂ ಬರ್ತೀನಿ" ಎಂದ. ಬಂದ. ಅವನ ಹೆಂಡತಿಯೂ ಬಂದಳು. ಅವರ ಜೊತೆ ಹಾಡು ಹೇಳುವ ದೊಡ್ಡ ಡಬ್ಬವೊಂದು ಬಂತು. ಕೆರೆಯ ದಂಡೆಯಲ್ಲಿ ಕಪ್ಪೆಗಳು ಕೂಡ ಬಾಯಿ ಮುಚ್ಚಿಕೊಂಡವು. ವಾಪಸು ಬಂದ ಮೇಲೆ "ನಾಳೆ ಬಂದು ಇಳಿಸ್ತೀನಿ ಭಾವ" ಎಂದು ಹೋದವನಿಗೆ ಆ ನಾಳೆ ಬರಲೇ ಇಲ್ಲ.

ಟೆಂಟು ಹೊತ್ತ ಕಾರು ಗ್ಯಾರೇಜಿನ ಶಟರಿನ ಕೆಳಗೆ ಹೇಗೋ ತೂರುತ್ತಿತ್ತು. ಆದರೆ ಹೆಂಡತಿಯ ಭುಜಕ್ಕೆ ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿನ ನೆಲಮಾಳಿಗೆಗೆ ಹೋಗುತ್ತಿರಲಿಲ್ಲ. ಕಾರು ನಿಲ್ಲಿಸುವ ಆ ಜಾಗದ ಬಾಯಿಗೆ, ಎತ್ತರದ ಗಾಡಿಗಳನ್ನು ತಡೆಯಲು, ಅಡ್ಡಲಾಗಿ ಒಂದು ಹಳದಿ ಕಂಬಿ ಇತ್ತು. ಅವಳನ್ನು ಬೀದಿಯಲ್ಲಿ ಇಳಿಸಿ, ಜಾಗ ಹುಡುಕುತ್ತ ಅವನು ಅಲೆದು ಬರುವಷ್ಟರಲ್ಲಿ ಅವಳು ವ್ಯಾಯಾಮ ಮುಗಿಸಿ, ನೋಯುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಕಳೆದ ವಾರ ಅವನು ಏನೋ ಯೋಚಿಸುತ್ತ ನೇರ ನೆಲಮಾಳಿಗೆಗೆ ನುಗ್ಗಿಸಿದ. ಹಳದಿ ಕಂಬಿ ಟೆಂಟಿನ ಮುಚ್ಚಳವನ್ನು ಉದ್ದಕ್ಕೂ ಗೀಚಿತು. ಹಿಂದಿನ ಕಾರುಗಳೆಲ್ಲ ಹಾರನ್ ಹೊಡೆದವು. ಅವಳು ಫೋನು ತೆಗೆದು ತಮ್ಮನಿಗೆ ಹೇಳಿದಳು: "ಭಾನುವಾರ ಬಾ. ಟೆಂಟು ನೀನೇ ಇಟ್ಕೋ."

"ಅವನ್ಯಾಕೆ ಇಟ್ಕೋಬೇಕು?" ಎಂದ ಲಿಫ್ಟಣ್ಣ.

"ಇನ್ನೇನು ಮಾಡೋದು ಹೇಳಿ. ಹೋಗುವಾಗ ಒಬ್ಬರ ಕಾಲು ಹಿಡೀಬೇಕು, ಬಂದ ಮೇಲೆ ಒಬ್ಬರ ಕಾಲು ಹಿಡೀಬೇಕು. ಎತ್ತಿಕೊಟ್ಟವರನ್ನ ಬರಬೇಡ ಅನ್ನೋಕಾಗುತ್ತಾ? ಅಂಥ ಪ್ರವಾಸ ನನಗೆ ಬೇಡ."

"ನಾನೊಬ್ಬನೇ ಎತ್ತಿ ಇಳಿಸ್ತೀನಿ."

"ಆಯ್ತು. ಭಾನುವಾರ ಅವನು ಬರೋದರೊಳಗೆ ಯಾರನ್ನೂ ಕರೀದೆ ಎತ್ತಿಟ್ಟು ತೋರಿಸಿ. ಟೆಂಟು ನಮ್ಮದು. ಇಲ್ಲದಿದ್ರೆ ಅವನದು."

ವಿಷಯ ಇಷ್ಟೇ. ಆದರೆ ಈ ವಯಸ್ಸಿನಲ್ಲಿ ಒಮ್ಮೆ ಮನೆಯಿಂದ ಹೋದ ಟೆಂಟು ಮತ್ತೆ ಬರುವುದಿಲ್ಲ, ಅದರ ಜೊತೆ ಗುಡ್ಡವೂ ಹೋಗುತ್ತದೆ ಕೆರೆಯೂ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರವೆಲ್ಲ ಅವನು ಏರ್ಪಾಟು ಮಾಡಿದ. ಗ್ಯಾರೇಜಿನ ತೊಲೆಗೆ ರಾಟೆಗಳನ್ನು ಬಿಗಿದ. ಟೆಂಟಿನ ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿಗಳನ್ನು ತೂರಿಸಿ, ಅವನ್ನು ಒಂದು ಕಬ್ಬಿಣದ ಚೌಕಟ್ಟಿಗೆ ಸೇರಿಸಿ, ಚೌಕಟ್ಟಿನಿಂದ ಹಗ್ಗವನ್ನು ರಾಟೆಗಳ ಮೇಲೆ ಹಾಯಿಸಿ ಮೂಲೆಗೆ ತಂದ. ಮೂಲೆಯಲ್ಲಿ ಹಗ್ಗದ ಇನ್ನೊಂದು ತುದಿಗೆ ಒಂದು ಕಬ್ಬಿಣದ ತೊಟ್ಟಿಲು, ಸೊಂಟದೆತ್ತರಕ್ಕೆ ತೂಗುವ ಹಾಗೆ. ಅದರೊಳಗೆ ತುಂಬಲು, ಮುರಿದುಹಾಕಿದ ಹಳೆಯ ಲಿಫ್ಟೊಂದರ ಕಬ್ಬಿಣದ ಗಟ್ಟಿಗಳು.

"ಇದೆಲ್ಲ ಯಾಕೆ? ಕಂಪನಿಯ ಚೈನ್ ಪುಲ್ಲಿ ತಂದು ಎಳೆದ್ರೆ ಆಗಲ್ವಾ?" ಎಂದು ಹೆಂಡತಿ ಬಾಗಿಲಿಂದ ಇಣುಕಿ ಕೇಳಿದಳು.

"ಪ್ರತಿ ಸಲ ಬೇಡಿ ತರಬೇಕು. ಅದೂ ಅಲ್ದೆ, ಭಾರ ಅನ್ನೋದನ್ನ ಎತ್ತಬಾರದು ಕಣೇ. ತೂಗಿಸಬೇಕು."

ಅದು ಅವನ ಕಸುಬಿನ ಗುಟ್ಟು. ಲಿಫ್ಟನ್ನು ಮೋಟಾರು ಎತ್ತುತ್ತದೆ ಎಂದು ಜನ ತಿಳಿದಿದ್ದಾರೆ. ಗೋಡೆಯ ಹಿಂದೆ ಅಷ್ಟೇ ಭಾರದ ಕಬ್ಬಿಣದ ಗಟ್ಟಿಗಳು ಹಗ್ಗದ ಇನ್ನೊಂದು ತುದಿಗೆ ನೇತಾಡುತ್ತಿರುತ್ತವೆ. ಲಿಫ್ಟು ಹತ್ತಿದರೆ ಅವು ಇಳಿಯುತ್ತವೆ, ಅದು ಇಳಿದರೆ ಇವು ಹತ್ತುತ್ತವೆ. ಮೋಟಾರಿನದು ಬರೀ ಬೆನ್ನು ತಟ್ಟುವ ಕೆಲಸ. ಸರಿಯಾಗಿ ತೂಗಿಸಿದರೆ ದೊಡ್ಡ ಭಾರವೂ ಒಂದು ಕೈಯ ಮಾತು ಕೇಳುತ್ತದೆ.

ಗುಜರಿ ಅಂಗಡಿಯಿಂದ ಕೊಕ್ಕೆ ತಕ್ಕಡಿ ತಂದು, ಟೆಂಟಿನ ಒಂದೊಂದು ತುದಿಯನ್ನೂ ಬೆರಳು ತೂರುವಷ್ಟು ಎತ್ತಿ ತೂಗಿದ. ಒಳಗಿದ್ದ ಹಾಸಿಗೆ, ಕಂಬಳಿ, ದಿಂಬುಗಳ ಸಮೇತ ತೂಗಿದ. ಅವು ಯಾವಾಗಲೂ ಟೆಂಟಿನೊಳಗೇ ಇರುತ್ತಿದ್ದವು. ಟೆಂಟಿನ ನಾಲ್ಕೂ ಮೂಲೆಗೆ ಮತ್ತೆ ಕ್ಲ್ಯಾಂಪು ಹಾಕಿ ಕಾರಿಗೆ ಬಿಗಿದ. ಕತ್ತಲಾಗುವ ಮುಂಚೆ ಆಫೀಸಿನ ವ್ಯಾನಿನಲ್ಲಿ ಹೋಗಿ ಗಟ್ಟಿಗಳನ್ನು ತಂದ. ತೊಟ್ಟಿಲ ಕೆಳಗೆ ಮರದ ಪೆಟ್ಟಿಗೆಯೊಂದನ್ನು ಆಸರೆ ಕೊಟ್ಟು, ಒಂದೊಂದಾಗಿ ಜೋಡಿಸಿದ. ಗಟ್ಟಿ ತರಲು ಹೊರಡುವಾಗ ಹೆಂಡತಿಗೆ ಬೆರಳೆತ್ತಿ ಹೇಳಿದ್ದ: "ನೀನು ಏನೂ ಮುಟ್ಟಬೇಡ."

ಈಗ ಭಾನುವಾರ. ಹೊರಗೆ ಅಂಗಳದಲ್ಲಿ ಹೆಂಡತಿ ಏನನ್ನೋ ಕೋಲಿನಿಂದ ಬಡಿಯುತ್ತಿದ್ದಳು. ಧಪ್, ಧಪ್. ಅವನಿಗೆ ರೇಗಿತು. ಇವತ್ತೇ ಇವಳಿಗೆ ಧೂಳು ಕೊಡವಬೇಕಿತ್ತೇ?

ತೊಟ್ಟಿಲ ಕೆಳಗಿನ ಪೆಟ್ಟಿಗೆಯನ್ನು ಒದ್ದು ಸರಿಸಿದ. ಹಗ್ಗ ಬಿಗಿಯಾಯಿತು, ರಾಟೆಗಳು ಕಿರ್ ಎಂದವು. ಎಲ್ಲ ಸರಿಯಾಗಿದೆ ಅನ್ನಿಸಿತು. ಸ್ಟೂಲು ಹತ್ತಿ ಕ್ಲ್ಯಾಂಪುಗಳನ್ನು ಬಿಚ್ಚತೊಡಗಿದ. ಮೊದಲನೆಯದು ಬಿಟ್ಟುಕೊಂಡಿತು. ಎರಡನೆಯದಕ್ಕೆ ತುಕ್ಕು ಹಿಡಿದಿತ್ತು; ಬೈದ ಮೇಲೆ ಬಿಟ್ಟುಕೊಂಡಿತು. ಮೂರನೆಯದು ಬಿಚ್ಚಿದಾಗ ಟೆಂಟಿನ ಆ ಮೂಲೆ, ಎಬ್ಬಿಸದೆಯೇ ಎದ್ದ ಮಗುವಿನ ಹಾಗೆ ತಲೆಯೆತ್ತಿತು. ಅಲ್ಲಿಗಾದರೂ ನಿಂತು ಯೋಚಿಸಬೇಕಿತ್ತು. ಆದರೆ ಶಟರಿನಾಚೆ ಯಾವುದೋ ಗಾಡಿಯ ಸದ್ದು ಕೇಳಿ, ಭಾವಮೈದುನ ಬಂದೇಬಿಟ್ಟನೇನೋ ಎಂದು ಅವನು ನಾಲ್ಕನೆಯದನ್ನೂ ತಿರುಗಿಸಿದ.

ಟೆಂಟು ಹಾರಿತು. ತೊಲೆಗೆ ಢಣ್ ಎಂದು ಬಡಿಯಿತು. ಮೂಲೆಯಲ್ಲಿ ತೊಟ್ಟಿಲು ದಬಾರನೆ ನೆಲಕ್ಕಿಳಿದು ಅಲ್ಲಿದ್ದ ಹಳೆಯ ಬಣ್ಣದ ಡಬ್ಬವನ್ನು ಹಪ್ಪಳ ಮಾಡಿತು. ಛಾವಣಿಯ ಶೀಟಿನಿಂದ ವರ್ಷಗಳ ಧೂಳು ಅವನ ತಲೆಯ ಮೇಲೆ ಸುರಿಯಿತು. ಅವನು ಸ್ಟೂಲಿನ ಮೇಲೆ, ಸ್ಪ್ಯಾನರು ಹಿಡಿದು, ಬಾಯಿ ತೆರೆದುಕೊಂಡೇ ನಿಂತಿದ್ದ.

ಬುದ್ಧಿ ನೆಟ್ಟಗಿರುವವನಾಗಿದ್ದರೆ ಅಲ್ಲಿಗೆ ಬಿಟ್ಟು, ತೊಟ್ಟಿಲಿನಿಂದ ಗಟ್ಟಿಗಳನ್ನು ತೆಗೆದು ಸರಿಮಾಡುತ್ತಿದ್ದ. ಆದರೆ ಸಿಟ್ಟು ಬಂದಿತ್ತು. ಬೇರೆ ಯಾರಾದರೂ ಲಿಫ್ಟಿನಲ್ಲಿ ಹೀಗೆ ಮಾಡಿದ್ದರೆ ಕೆನ್ನೆಗೆ ಬಿಗಿಯುತ್ತಿದ್ದ. ಸ್ಪ್ಯಾನರು ಬಿಸಾಕಿ, ಟೆಂಟಿನ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು, ಮೈಭಾರವೆಲ್ಲ ಹಾಕಿ ಕೆಳಗೆ ಜಗ್ಗಿದ. ಟೆಂಟು ಇಳಿಯಿತು. ಅವನು ಇಡೀ ಬದುಕಿನಲ್ಲಿ ಬೆಳೆಸಿದ್ದ ಹೊಟ್ಟೆ ಮೊದಲ ಸಲ ಉಪಯೋಗಕ್ಕೆ ಬಂತು. ಕಾರಿನ ಬಾಗಿಲಿನ ಅಂಚಿನ ಮೇಲೆ ಕಾಲಿಟ್ಟು, ಟೆಂಟಿನ ಮೇಲೆ ಎದೆ, ಹೊಟ್ಟೆ, ಗಲ್ಲ ಎಲ್ಲವನ್ನೂ ಒತ್ತಿ, ಅದನ್ನು ಕಾರಿನ ನೆತ್ತಿಗೆ ಅದುಮಿದ.

ಅದುಮಿದ ಮೇಲೆ ಗೊತ್ತಾಯಿತು. ಕ್ಲ್ಯಾಂಪು ತಿರುಗಿಸಲು ಸ್ಪ್ಯಾನರು ಬೇಕು; ಸ್ಪ್ಯಾನರು ನೆಲದ ಮೇಲೆ. ಗಟ್ಟಿ ತೆಗೆಯಲು ಮೂಲೆಗೆ ಹೋಗಬೇಕು. ಹೋಗಬೇಕಾದರೆ ಟೆಂಟು ಬಿಡಬೇಕು. ಬಿಟ್ಟರೆ ಈ ಸಲ ಮೇಲಿನ ಶೀಟು ಉಳಿಯುವುದಿಲ್ಲ. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಎರಡು ಮಹಡಿಗಳ ನಡುವೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಬಡಿದುಕೊಂಡಿತು. ಭಾವಮೈದುನನೋ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಇನ್ಯಾರೋ. ಬೆವರು ಕಣ್ಣಿಗಿಳಿಯಿತು. ಮೂಗಿನ ತುದಿ ತುರಿಸತೊಡಗಿತು. ಟೆಂಟಿನ ಮುಚ್ಚಳಕ್ಕೇ ಮೂಗು ಉಜ್ಜಿಕೊಂಡ. ಹಳದಿ ಕಂಬಿ ಗೀಚಿದ ಗೆರೆ ಅವನ ಕಣ್ಣಿಗೆ ಎಷ್ಟು ಹತ್ತಿರವಿತ್ತೆಂದರೆ ಅದೊಂದು ಬೀದಿಯ ಹಾಗೆ ಕಾಣುತ್ತಿತ್ತು.

ಅಂಗಳದ ಧಪ್ ಧಪ್ ನಿಂತಿತು.

"ರೀ," ಅಡುಗೆಮನೆ ಬಾಗಿಲಿನ ಆಚೆಯಿಂದ ಹೆಂಡತಿಯ ದನಿ. "ಏನದು ಸದ್ದು?"

"ಏನಿಲ್ಲ."

"ಬಾಗಿಲು ತೆಗೀರಿ."

"ಆಗಲ್ಲ."

"ಯಾಕೆ?"

"ಕೈ ಖಾಲಿ ಇಲ್ಲ."

ಬಾಗಿಲಿನ ಚಿಲಕ ಒಮ್ಮೆ ಅಲುಗಾಡಿತು.

"ಸಿಕ್ಕಿಹಾಕಿಕೊಂಡಿದ್ದೀರಾ?"

ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಡದವರೇ ಹೆಚ್ಚು ಹೆದರಿದವರು ಅನ್ನುವುದು ಅವನಿಗೆ ಕಸುಬಿನಿಂದ ಗೊತ್ತಿತ್ತು. ಅವನ ಜೊತೆ ಬಾಳಿ ಅವಳಿಗೂ ಗೊತ್ತಾಗಿತ್ತು.

"ಸರಿ," ಎಂದಳು. "ಏನೂ ಮುಟ್ಟಬೇಡಿ. ಗಾಬರಿ ಆಗಬೇಡಿ. ಬರ್ತಾ ಇದ್ದೀನಿ."

"ತಮಾಷೆ ಮಾಡಬೇಡ್ವೇ, ಕೈ ಜೋಮು ಹಿಡೀತಾ ಇದೆ!"

ಚಪ್ಪಲಿಯ ಸದ್ದು ಅಂಗಳ ಸುತ್ತಿ ಬೀದಿ ಕಡೆ ಹೋಯಿತು. ಶಟರು ಅಲುಗಾಡಿತು. ಅದಕ್ಕೆ ಬೀಗ ಹಾಕಿರಲಿಲ್ಲ, ಸುಮ್ಮನೆ ಎಳೆದಿದ್ದ. ಮೊಣಕಾಲೆತ್ತರ ಮೇಲೆದ್ದಿತು, ಸೊಂಟದೆತ್ತರಕ್ಕೆ ಬಂದು ನಿಂತಿತು. ಎಡಗೈಯೊಂದರಲ್ಲಿ ಅವಳಿಗೆ ಅಷ್ಟೇ ಆಗುತ್ತಿದ್ದುದು.

"ತಲೆ ಬಗ್ಗಿಸಿ ಬಾ," ಎಂದ ಅವನು, ಅಭ್ಯಾಸಬಲದಿಂದ.

ಅವಳು ಬಗ್ಗಿ ಒಳಗೆ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಮೈಯೆಲ್ಲ ಕಂಬಳಿಯ ಎಳೆಗಳು. ಗಂಡನನ್ನು ನೋಡಿದಳು. ಧೂಳು ಬಿದ್ದ ತಲೆ, ಕಾರಿನ ಬದಿಗೆ ಹಲ್ಲಿಯ ಹಾಗೆ ಅಂಟಿಕೊಂಡ ಮೈ. ನಗು ಬಂತು. ತಡೆದುಕೊಂಡಳು. ಆಮೇಲೆ ತಡೆದುಕೊಳ್ಳಲಿಲ್ಲ.

"ನಗು, ನಗು. ನಿನ್ನ ತಮ್ಮ ಬರೋವರೆಗೂ ನಗು. ಎಲ್ಲ ಸರಿಯಾಗಿ ತೂಗಿದ್ದೆ! ಹಾಸಿಗೆ, ಕಂಬಳಿ ಎಲ್ಲ ಸೇರಿಸಿ ತೂಗಿದ್ದೆ. ಅದು ಹೇಗೆ ಹಗುರಾಯ್ತೋ…"

ಹೆಂಡತಿಯ ನಗು ನಿಂತಿತು. "ಕಂಬಳಿನೂ ಸೇರಿಸಿ ತೂಗಿದ್ರಾ?"

"ಮತ್ತೆ?"

"ಕಂಬಳಿ ಅಂಗಳದಲ್ಲಿ ಒಣಗ್ತಾ ಇದೆ. ಹಾಸಿಗೆನೂ."

ಅವನು ಕತ್ತು ಹೊರಳಿಸಿ ಅವಳನ್ನು ನೋಡಲು ಯತ್ನಿಸಿದ, ಆಗಲಿಲ್ಲ.

"ನಿನ್ನೆ ನೀವು ವ್ಯಾನು ತೊಗೊಂಡು ಹೋದಾಗ ಬೀಗ ತೆಗೆದೆ. ಮುಚ್ಚಳ ತೊಲೆಗೆ ತಾಗೋವಷ್ಟು ಎದ್ದಿತು. ಸಂದಿಯಿಂದ ಎಲ್ಲ ಎಳೆದುಹಾಕಿದೆ. ನೀವು ಒಬ್ಬರೇ ಎತ್ತಬೇಕಲ್ಲ, ಅಷ್ಟಾದ್ರೂ ಹಗುರಾಗಲಿ ಅಂತ."

"ಮುಚ್ಚಳ ಹೇಗೆ ಮುಚ್ಚಿದೆ?"

"ಪಟ್ಟಿ ಹಿಡಿದು ನೇತಾಡಿದೆ."

"ಆ ಕೈಯಲ್ಲಿ?"

"ಈ ಕೈಯಲ್ಲಿ," ಎಂದು ಎಡಗೈ ತೋರಿಸಿದಳು, ಅವನಿಗೆ ಕಾಣದಿದ್ದರೂ.

"ಏನೂ ಮುಟ್ಟಬೇಡ ಅಂತ ಹೇಳಿದ್ನೋ ಇಲ್ವೋ?"

"ಹೇಳಿದ್ರಿ. ಆಪರೇಷನ್ ಆದಾಗಿನಿಂದ ಅದನ್ನೇ ಹೇಳ್ತಾ ಇದ್ದೀರಿ. ಬಕೆಟ್ ಮುಟ್ಟಬೇಡ, ಗ್ಯಾಸ್ ಸಿಲಿಂಡರ್ ಮುಟ್ಟಬೇಡ, ಟೆಂಟು ಮುಟ್ಟಬೇಡ. ನಾನೇನು ಅಂಗಡಿಯ ಗಾಜಿನ ಗೊಂಬೆನಾ? ಇವತ್ತು ಬಾಗಿಲಿಗೇ ಚಿಲಕ. ನನ್ನನ್ನ ಲೆಕ್ಕದಿಂದಲೇ ಹೊರಗಿಟ್ಟುಬಿಟ್ರಿ."

ಅವಳ ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. ಅವಳು ಕಣ್ಣೊರೆಸಿಕೊಂಡು ಮೂಲೆಗೆ ಹೋದಳು. ಸೊಂಟದೆತ್ತರದಲ್ಲಿ ತೂಗುತ್ತಿದ್ದ ತೊಟ್ಟಿಲನ್ನೂ, ಅದರ ಕೆಳಗೆ ಹಪ್ಪಳವಾದ ಬಣ್ಣದ ಡಬ್ಬವನ್ನೂ ನೋಡಿದಳು.

"ಹಾಸಿಗೆ ಕಂಬಳಿ ತೆಗೆದ ಮಾತ್ರಕ್ಕೆ ಇಷ್ಟು ಹಾರುತ್ತೇನ್ರೀ? ಇಲ್ಲಿ ಕಬ್ಬಿಣ ಜಾಸ್ತಿ ಇದೆ. ಟೆಂಟಿನ ತೂಕದಷ್ಟೇ ಹಾಕಿದ್ರಾ?"

"ಹೂಂ… ಅದರ ಮೇಲೆ ಒಂದಿಷ್ಟು."

"ಒಂದಿಷ್ಟು ಯಾಕೆ?"

"ಲಿಫ್ಟಿಗೆ ಹಾಕೋದು ಹಾಗೇನೇ. ಖಾಲಿ ಲಿಫ್ಟಿಗಿಂತ ಈ ಕಡೆ ಯಾವಾಗ್ಲೂ ಭಾರ ಜಾಸ್ತಿ ಇರಬೇಕು. ಒಳಗೆ ಹತ್ತೋ ಜನರ ತೂಕದಲ್ಲಿ ಅರ್ಧಕ್ಕೆ ಕೊಂಚ ಕಡಿಮೆ ಇಲ್ಲಿ ಸೇರಿಸಿರಬೇಕು. ಕೈ ತಾನಾಗೇ ಹಾಕಿಬಿಡ್ತು."

"ಒಳಗೆ ಹತ್ತೋ ಜನ?"

"ಹೂಂ."

"ಯಾವ ಜನ?"

ಅವನು ಟೆಂಟಿನ ಮೇಲೆ ಗಲ್ಲವಿಟ್ಟುಕೊಂಡೇ, ಬಹಳ ಸಣ್ಣ ದನಿಯಲ್ಲಿ, "ಇನ್ಯಾರು? ನಾವಿಬ್ಬರು," ಎಂದ.

ಅರ್ಧ ತೆರೆದ ಶಟರಿನಿಂದ ಬಂದ ಬಿಸಿಲು ನೆಲದ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿತ್ತು. ಧೂಳಿನ ಕಣಗಳು ಅದರೊಳಗೆ ಏಳುತ್ತಿದ್ದವು, ಇಳಿಯುತ್ತಿದ್ದವು.

"ಇಬ್ಬರೂ ಒಳಗೆ ಮಲಗಿರುವಾಗ," ಎಂದಳು ಅವಳು ನಿಧಾನವಾಗಿ, "ಯಾರ್ರೀ ಟೆಂಟನ್ನ ಗ್ಯಾರೇಜಿನ ತೊಲೆಗೆ ಎತ್ತೋದು?"

"ಗೊತ್ತಾಯ್ತು ಬಿಡೇ! ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಮೊದಲ ದಿನ ಹೇಳಿಕೊಡೋ ಮಾತು ಅದು. ಖಾಲಿ ಲಿಫ್ಟಿನ ಬ್ರೇಕು ಬಿಟ್ಟರೆ ಮೇಲಕ್ಕೇ ಹೋಗುತ್ತೆ ಅಂತ. ಎಷ್ಟು ಜನಕ್ಕೆ ನಾನೇ ಹೇಳಿಕೊಟ್ಟಿದ್ದೀನೋ."

ಅವಳು ಎಡಗೈ ಚಾಚಿ ತೊಟ್ಟಿಲಿನಿಂದ ಮೇಲಿನ ಗಟ್ಟಿಯನ್ನು ಹಿಡಿದಳು. ಇಸ್ತ್ರಿಪೆಟ್ಟಿಗೆ ಹಿಡಿದು ಪಳಗಿದ ಕೈ. ಹಳೆಯ ಸಣ್ಣ ಲಿಫ್ಟಿನ ಗಟ್ಟಿಗಳಾದ್ದರಿಂದ ಒಂದೊಂದೂ ನೀರು ತುಂಬಿದ ಕೊಡಕ್ಕಿಂತ ಹಗುರ. ಎತ್ತಿ ನೆಲದ ಮೇಲಿಟ್ಟಳು.

"ನಿಧಾನ, ಕಾಲಿನ ಮೇಲೆ ಹಾಕ್ಕೋಬೇಡ."

"ನೀವು ಅಲ್ಲೇ ಮಲಗಿ ಸುಮ್ಮನಿರಿ. ಹೇಗಿದೆ ಈಗ?"

"ಇನ್ನೊಂದು."

ಇನ್ನೊಂದು ಇಳಿಯಿತು. ಮತ್ತೊಂದು. ಪ್ರತಿ ಗಟ್ಟಿ ಇಳಿದಾಗಲೂ ಟೆಂಟಿನ ಹಟ ಸ್ವಲ್ಪ ಕಡಿಮೆಯಾಗುವುದು ಅವನ ಎದೆಗೆ ತಿಳಿಯುತ್ತಿತ್ತು. ಮೊದಲು ಅದು ನೂಕುತ್ತಿತ್ತು, ಆಮೇಲೆ ಬರೀ ತಳ್ಳುತ್ತಿತ್ತು, ಆಮೇಲೆ ಒರಗಿಕೊಂಡ ಹಾಗಾಯಿತು.

"ಬಿಡಿ ಈಗ," ಎಂದಳು.

"ಇನ್ನೊಂದು ಬೇಕೇನೋ."

"ಬಿಡಿ ಅಂದ್ನಲ್ಲ."

"ಶೀಟು ಒಡೆದುಹೋದ್ರೆ?"

"ಒಡೀಲಿ. ಬಿಡ್ರೀ!"

ಅವನು ಬಿಟ್ಟ. ಟೆಂಟು ಕಾರಿನಿಂದ ಅಂಗೈಯಗಲ ಮೇಲೆದ್ದು, ಗಾಳಿಯಲ್ಲಿ ನಿಂತುಕೊಂಡಿತು. ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಕೆರೆಯ ಮೇಲೆ ನಿಂತ ದೋಣಿಯ ಹಾಗೆ ಸ್ವಲ್ಪ ತೂಗುತ್ತಿತ್ತು, ಅಷ್ಟೇ.

ಲಿಫ್ಟಣ್ಣ ಕೆಳಗಿಳಿದು, ಜೋಮು ಹಿಡಿದ ಕೈಗಳನ್ನು ಕೊಡವುತ್ತ, ಹಗ್ಗದ ಕಡೆ ಹೊರಟ.

"ಅಲ್ಲೇ ನಿಂತ್ಕೊಳ್ಳಿ," ಎಂದಳು ಹೆಂಡತಿ. "ಇದು ಪರದೆಯ ದಾರದ ಹಾಗೇ ಅಲ್ವಾ?"

"ಹಾಗೇ ಅಂದ್ರೆ… ಹಾಗೇ."

ಎಡಗೈಯಲ್ಲಿ ಹಗ್ಗ ಹಿಡಿದು ಕೆಳಗೆ ಎಳೆದಳು. ಕಿಟಕಿಯ ಪರದೆ ಸರಿಸುವ ಹಾಗೆ, ಅವಸರವಿಲ್ಲದೆ. ತಿಂಗಳುಗಟ್ಟಲೆ ಅವರ ತಲೆ ತಿಂದ ಟೆಂಟು, ಕ್ಲಿನಿಕ್ಕಿನ ಕಂಬಿಗೆ ಗೀಚಿಸಿಕೊಂಡ ಟೆಂಟು, ಒಂದು ಮಾತೂ ಆಡದೆ ಮೇಲೇರಿತು. ತೊಲೆಯ ಹತ್ತಿರ ಹೋಗಿ, ಮೆತ್ತಗೆ ನಿಂತಿತು. ಅವನು ಓಡಿಹೋಗಿ ಸ್ಟೂಲು ಹತ್ತಿ, ಮೇಲೆ ಕಟ್ಟಿದ್ದ ಸರಪಳಿಗಳ ಕೊಕ್ಕೆಗಳನ್ನು ಚೌಕಟ್ಟಿಗೆ ಸಿಕ್ಕಿಸಿದ. ಎಷ್ಟೇ ಚೆನ್ನಾಗಿ ತೂಗಿಸಿದ್ದರೂ ಎರಡನೇ ಆಸರೆ ಇಲ್ಲದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅವಳು ತನ್ನ ಎಡಗೈಯನ್ನು ನೋಡಿಕೊಂಡಳು, ಅದು ಯಾರದ್ದೋ ಅನ್ನುವ ಹಾಗೆ.

ಆ ಹೊತ್ತಿಗೆ ಶಟರಿನ ಕೆಳಗಿನಿಂದ ಎರಡು ದಪ್ಪ ಕಾಲುಗಳು ಕಂಡವು. "ಭಾವ! ಫೋನ್ ಯಾಕೆ ಎತ್ತಲ್ಲ? ಟೆಂಪೋ ತಂದಿದ್ದೀನಿ!" ಭಾವಮೈದುನ ಶಟರನ್ನು ಒಂದೇ ಏಟಿಗೆ ಮೇಲಕ್ಕೆ ತಳ್ಳಿ ಒಳಗೆ ಬಂದ. ಕಾರಿನ ನೆತ್ತಿ ನೋಡಿದ. ಬೋಳು. ಗೋಡೆ ನೋಡಿದ. ಖಾಲಿ.

"ಟೆಂಟೆಲ್ಲಿ?"

ಅಕ್ಕ ಗಲ್ಲದಿಂದ ಮೇಲಕ್ಕೆ ತೋರಿಸಿದಳು. ಅವನು ಕತ್ತೆತ್ತಿ, ಬಾಯಿ ತೆರೆದು, "ಅಬ್ಬ! ಅಲ್ಲಿಗೆ ಹೇಗೆ ಹೋಯ್ತು? ಎಷ್ಟು ಜನ ಸೇರಿ ಎತ್ತಿದ್ರಿ?" ಎಂದ.

"ಒಂದು ಕೈ," ಎಂದಳು.

"ಭಾವ, ನೀವೊಬ್ಬರೇನಾ? ಭಲೇ!"

ಲಿಫ್ಟಣ್ಣ ತಲೆಯ ಧೂಳು ಕೊಡವುತ್ತ, "ನನ್ನ ಕೈ ಅಲ್ಲಪ್ಪ" ಎಂದ. ಅಷ್ಟು ಹೇಳಲು ಅವನಿಗೆ ಸ್ವಲ್ಪ ಕಷ್ಟವೇ ಆಯಿತು.

ಭಾವಮೈದುನನಿಗೆ ನಂಬಿಕೆ ಬರಲಿಲ್ಲ. ಟೆಂಟಿನ ಅಡಿಗೆ ಕೈಯೊಡ್ಡಿ ಎತ್ತಿ ನೋಡಲು ಹೋದ. "ಮುಟ್ಟಬೇಡ!" ಎಂದು ಗಂಡ ಹೆಂಡತಿ ಒಟ್ಟಿಗೇ ಕಿರುಚಿದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಟೆಂಪೋದವನಿಗೆ ಏನು ಹೇಳಲಿ ಅಕ್ಕ?"

"ವಾಪಸು ಹೋಗು ಅಂತ ಹೇಳು. ಹೋಗೋ ಮುಂಚೆ ಅಂಗಳದಲ್ಲಿರೋ ಹಾಸಿಗೆ ಒಳಗೆ ತಂದಿಡು. ಎತ್ತೋದಕ್ಕೆ ಏನಾದ್ರೂ ಬೇಕಲ್ಲ ನಿನಗೆ."

"ಆ ಹಾಸಿಗೆ ಎಲ್ಲಿಡೋದು?" ಎಂದು ಲಿಫ್ಟಣ್ಣ ಸಿಡುಕಿದ. "ಮನೆಯಲ್ಲಿ ಜಾಗ ಎಲ್ಲಿದೆ? ಟೆಂಟಿನಲ್ಲೇ ಇದ್ದಿದ್ದರೆ…"

"ಟೆಂಟಿನಲ್ಲಿದ್ರೆ ಮತ್ತೆ ತೂಗಬೇಕು. ಮಂಚದ ಕೆಳಗೆ ಇಡೋಣ."

"ಮಂಚದ ಕೆಳಗೆ ನಿನ್ನ ಪರದೆ ಬಟ್ಟೆಯ ಗಂಟುಗಳಿವೆ."

"ನಿಮ್ಮ ಹಳೇ ಮೋಟಾರೂ ಇದೆ. ಅದನ್ನ ಮೊದಲು ಆಚೆ ಹಾಕಿ."

ಭಾವಮೈದುನ ಇಬ್ಬರ ಮುಖವನ್ನೂ ನೋಡಿ, ಹಾಸಿಗೆ ಹೊರಲು ಅಂಗಳಕ್ಕೆ ಹೋದ.

ಲಿಫ್ಟಣ್ಣ ಚಪ್ಪಟೆಯಾದ ಬಣ್ಣದ ಡಬ್ಬವನ್ನು ಎತ್ತಿ, ಹೆಚ್ಚುವರಿ ಗಟ್ಟಿಗಳನ್ನು ಗೋಡೆಬದಿಗೆ ಜೋಡಿಸಿ, ಸ್ಪ್ಯಾನರು ಹುಡುಕಲು ಬಗ್ಗಿದ. ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಬೇಕು. ನೇರ ನೆಲಮಾಳಿಗೆಗೆ ಹೋಗಬಹುದು, ಅವಳ ಜೊತೆಯೇ ಮೇಲೆ ಹತ್ತಬಹುದು. ಕಾರಿನ ಕೆಳಗೆ ಕೈಯಾಡಿಸುತ್ತಿದ್ದಾಗ ಸ್ಟೂಲು ಎಳೆದ ಸದ್ದು, ಮೇಲೆ ಸರಪಳಿಯ ಕೊಕ್ಕೆಗಳು ಬಿಚ್ಚಿದ ಸದ್ದು, ಆಮೇಲೆ ರಾಟೆಯ ಸದ್ದು ಕೇಳಿತು. ಕಿರ್, ಕಿರ್.

ತಲೆಯೆತ್ತಿದ. ಹೆಂಡತಿ ಹಗ್ಗ ಹಿಡಿದು ನಿಂತಿದ್ದಳು. ಟೆಂಟು ನಿಧಾನವಾಗಿ ಕೆಳಗೆ ಬಂತು, ಕಾರಿನ ನೆತ್ತಿಯ ಹತ್ತಿರ ಬಂದು ನಿಂತಿತು. ಮತ್ತೆ ಮೇಲೆ ಹೋಯಿತು. ಮತ್ತೆ ಕೆಳಗೆ.

"ಇದೇನು ಉಯ್ಯಾಲೆನಾ?" ಎಂದು ಅವನು ಬಾಯಿ ತೆರೆದ. ಅವಳ ಮುಖ ನೋಡಿದ. ಬಲಗೈ ಸೊಂಟದ ಬಳಿ ಸುಮ್ಮನಿತ್ತು, ಎಡಗೈ ಮೇಲೆ ಕೆಳಗೆ ಆಡುತ್ತಿತ್ತು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಹೊಲಿಯುವಾಗಿನ ಅದೇ ಗಮನ.

ಬಾಯಿ ಮುಚ್ಚಿಕೊಂಡ. ಹಗ್ಗ ಸವೆಯುತ್ತದೆ ಅನ್ನುವುದು ನಿಜವೇ. ಆದರೆ ಹೊಸ ಹಗ್ಗ ಕಟ್ಟುವುದು ಅವನಿಗೆ ಗೊತ್ತಿತ್ತು.